ಸರ್ ಜ್ಞಾನಚಂದ್ರ ಘೋಷ್

ನಮ್ಮ ಕೆತ್ತಿ ಕಣಿವೆಯಲ್ಲಿ ಆಲೂಗಡ್ಡೆ, ಕ್ಯಾರೆಟ್ ಬೆಳೆಯುವವರಿಗೆಲ್ಲ ಯೂರಿಯಾ ಗೊಬ್ಬರದ ಪರಿಚಯವುಂಟು. ಆ ಗೊಬ್ಬರಕ್ಕೆ ಮೂಲ ಅಮೋನಿಯಾ. ಸಾರಜನಕ ಮತ್ತು ಜಲಜನಕ ಅನಿಲಗಳು ತಾವಾಗಿ ಸುಲಭವಾಗಿ ಕೂಡುವುದಿಲ್ಲ. ಹೆಚ್ಚು ಒತ್ತಡದಲ್ಲಿ, ಕಾದ ಕಬ್ಬಿಣದ ಹರಳುಗಳ ಮೇಲೆ ಹಾಯಿಸಿದರೆ ಅವು ಕೂಡಿ ಅಮೋನಿಯಾ ಆಗುತ್ತದೆ. ಕಬ್ಬಿಣ ಮಾತ್ರ ಖರ್ಚಾಗದೆ ಹಾಗೆಯೇ ಉಳಿಯುತ್ತದೆ. ತಾನು ವ್ಯಯವಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ಇಂತಹ ವಸ್ತುವಿಗೆ ಕ್ರಿಯಾವರ್ಧಕವೆಂದು ಹೆಸರು. ಘನರೂಪದ ಕ್ರಿಯಾವರ್ಧಕಗಳ ಸಂಶೋಧನೆಗೆ ಬೆಂಗಳೂರಿನಲ್ಲಿ ಭದ್ರವಾದ ಬುನಾದಿ ಹಾಕಿದವರಲ್ಲಿ ಸರ್ ಜ್ಞಾನಚಂದ್ರ ಘೋಷರು ಪ್ರಮುಖರು.

ಘೋಷರು 1894ರಲ್ಲಿ ಪುರುಲಿಯಾದಲ್ಲಿ ಜನಿಸಿದರು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಆಚಾರ್ಯ ಪ್ರಫುಲ್ಲಚಂದ್ರ ರಾಯರು ಅವರ ಗುರುಗಳು. ಸತ್ಯೇಂದ್ರನಾಥ ಬೋಸ್, ಮೇಘನಾದ ಸಾಹಾ ಅವರ ಸಹಪಾಠಿಗಳು. ಉಪ್ಪು ಕರಗಿದ ನೀರಿನಲ್ಲಿ ವಿದ್ಯುತ್ತು ಹರಿಯುವ ಬಗೆಯನ್ನು ಕುರಿತು 1918ರಲ್ಲಿ ಅವರು ಒಂದು ಸಿದ್ಧಾಂತವನ್ನು ಪ್ರಕಟಿಸಿದರು. ಇಪ್ಪತ್ತನಾಲ್ಕರ ಹರೆಯದಲ್ಲೇ ಅವರ ಹೆಸರು ಯೂರೋಪಿನವರೆಗೂ ಹಬ್ಬಿತು.

ಆದರೆ 1923ರಲ್ಲಿ ಡಿಬೈ ಮತ್ತು ಹುಕೆಲ್ ಎಂಬ ವಿಜ್ಞಾನಿಗಳು ಇನ್ನೂ ಸಮರ್ಪಕವಾದ ಸಿದ್ಧಾಂತವನ್ನು ಮಂಡಿಸಿದರು. ಘೋಷರ ಸಿದ್ಧಾಂತ ಹಿಂದೆ ಸರಿಯಿತು. ಕೀರ್ತಿ ತಂದ ಕೆಲಸವೇ ಹೀಗಾದಾಗ ಬೇರೆಯವರು ಎದೆಗುಂದುತ್ತಿದ್ದರೋ ಏನೋ! ಘೋಷರು 1921ರಿಂದ ಢಾಕಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಅಲ್ಲಿ ಪಾಠ ಹೇಳುತ್ತ, ಹೊಸ ಸಂಶೋಧನೆಗಳನ್ನು ಕೈಗೊಳ್ಳುತ್ತ, ಶಿಷ್ಯರನ್ನು ಬೆಳೆಸುತ್ತ ಹೋದರು.

1939ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಅದೇ ವರ್ಷ ಎರಡನೆಯ ಮಹಾಯುದ್ಧ ಆರಂಭವಾಯಿತು. ನಮ್ಮ ದೇಶದಲ್ಲಿ ಕಲ್ಲಿದ್ದಲು ಧಾರಾಳವಾಗಿತ್ತು. ಪೆಟ್ರೋಲಿಗೆ ಮಾತ್ರ ಬಹುಮಟ್ಟಿಗೆ ಹೊರಗಿನವರನ್ನೇ ನೆಚ್ಚಬೇಕಿತ್ತು. ಕಾದ ಕಲ್ಲಿದ್ದಲಿನ ಮೇಲೆ ಉಗಿ ಹಾಯಿಸಿದರೆ ಜಲಜನಕ ಮತ್ತು ಕಾರ್ಬನ್ ಮಾನಾಕ್ಸೈಡುಗಳ ಮಿಶ್ರಣ ದೊರೆಯುತ್ತದೆ. ಆ ಅನಿಲವನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೋಬಾಲ್ಟ್ ಲೋಹದ ಮೇಲೆ ಹಾಯಿಸಿದರೆ ತೈಲವಾಗುತ್ತದೆ. ಜರ್ಮನಿಯ ಫಿಷರ್ ಮತ್ತು ಟ್ರಾಪ್ಷ್ ಕಂಡುಹಿಡಿದ ಈ ವಿಧಾನವನ್ನು ಘೋಷರೂ ಎಂ.ವಿ.ಸಿ. ಶಾಸ್ತ್ರಿ ಮೊದಲಾದ ಸಹೋದ್ಯೋಗಿಗಳೂ ಅಭ್ಯಸಿಸಿದರು.

ಇಲ್ಲಿ ಲೋಹದ ತೂಕಕ್ಕಿಂತ ಅದರ ಮೇಲ್ಮೈ ಮುಖ್ಯ, ಏಕೆಂದರೆ ಅನಿಲಗಳು ಕೂಡುವುದು ಮೇಲ್ಮೈಯಲ್ಲಿ ಮಾತ್ರ. ಆದ್ದರಿಂದ ಕೋಬಾಲ್ಟನ್ನು ಕೀಸಲ್‌ಗೂರ್ ಎಂಬ ಮಣ್ಣಿನಲ್ಲಿ ಹರಡುತ್ತಾರೆ. ನೀರಿನಲ್ಲಿ ಬಾಳಿದ ಸೂಕ್ಷ್ಮ ಸಸ್ಯಗಳ ಚಿಪ್ಪುಗಳಿಂದಾದ ಈ ಮಣ್ಣಿನ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಹೀಗಾಗಿ ಹಿಡಿ ಮಣ್ಣಿನೊಳಗೆ ವಿಶಾಲವಾದ ಮೇಲ್ಮೈ ಅಡಗಿರುತ್ತದೆ.

ಕಲ್ಲಿದ್ದಲಿನಿಂದ ತೈಲ ತೆಗೆಯುವ ದೊಡ್ಡ ಉದ್ಯಮ ಘೋಷರ ಜೀವಿತಕಾಲದಲ್ಲಿ ಭಾರತದಲ್ಲಿ ತಲೆಯೆತ್ತಲಿಲ್ಲ. ಆದರೂ ಶ್ರಮ ವ್ಯರ್ಥವಾಗಲಿಲ್ಲ. ಶಾಸ್ತ್ರಿಯವರು ಮುಂದೆ ಮದರಾಸಿನ ಐ.ಐ.ಟಿ.ಯಲ್ಲಿ ಇದೇ ವಿದ್ಯೆಯನ್ನು ಬೆಳೆಸಿದರು.

1950ರಲ್ಲಿ ಘೋಷರು ಖರಗ್‌ಪುರದ ಐ.ಐ.ಟಿ.ಯ ಪ್ರಥಮ ನಿರ್ದೇಶಕರಾದರು. ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಹಿಜ್ಲಿಯ ಬಂದೀಖಾನೆಯೇ ಅದರ ಮೊದಲ ವಿದ್ಯಾಮಂದಿರವಾಯಿತು. ಬಳಿಕ ಅವರು ಕಲ್ಕತ್ತಾ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿಯೂ ಯೋಜನಾ ಆಯೋಗದ ಸದಸ್ಯರಾಗಿಯೂ ದುಡಿದು, 1959ರಲ್ಲಿ ದಿವಂಗತರಾದರು.

ವಿದ್ಯಾರ್ಥಿ ಮಿತ್ರರೇ, ಒಂದು ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ, ಒಂದು ಉತ್ತರ ತಪ್ಪಾದರೆ ನಾವು ಕುಗ್ಗಿಹೋಗುತ್ತೇವೆ. ಘೋಷರ ಬಾಳನ್ನು ಆಗ ನೆನೆಯೋಣ. ತಮ್ಮ ಹೆಸರಿಗಿಂತ ಕೆಲಸ ದೊಡ್ಡದೆಂದು ತಿಳಿದ ಅವರು, ಎಷ್ಟೋ ಮಂದಿಯ ವಿದ್ಯೆಗೆ ತಾವೇ ಕ್ರಿಯಾವರ್ಧಕವಾದರು.