ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರು

ಭೇರ್ಯ, ಹುಣಸೂರು, ಪಿರಿಯಾಪಟ್ಟಣ ಪ್ರಾಂತದ ಭಕ್ತಮಹಾಶಯರಲ್ಲಿ ಅನೇಕರು ಹಾನಗಲ್ಲ ಶ್ರೀಗಳವರನ್ನು ಧಾರವಾಡ ಸೀಮೆಯವರೆಂದಷ್ಟೇ ಬಲ್ಲರು. ಆದರೆ ಅವರ ಗುರುಗಳು ನಮ್ಮ ಸೀಮೆಯ ಎಳಂದೂರಿನ ಶ್ರೀ ಬಸವಲಿಂಗ ಸ್ವಾಮಿಗಳವರು. ಆದಕಾರಣ ಆ ಮಹಾನುಭಾವರ ಚರಿತ್ರೆಯು ನಮಗೂ ಮನೆಯ ಮಾತೇ ಸರಿ.

ರಾಣೆಬೆನ್ನೂರು ತಾಲ್ಲೂಕಿನ ಜೋಯಿಸರ ಹರಳಹಳ್ಳಿಯ ಬಡ ಜಂಗಮ ಮನೆತನದಲ್ಲಿ 1867ರಲ್ಲಿ ಅವರ ಜನನವಾಯಿತು. ಪೂರ್ವಾಶ್ರಮದ ಹೆಸರು ಹಾಲಯ್ಯ. ಮುಲ್ಕಿ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗಲಿಲ್ಲ. ಕೆಲಕಾಲ ಲಿಂಗದಹಳ್ಳಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದು, ಬಳಿಕ ವೈರಾಗ್ಯವು ಬಲಿಯಲು ಮನೆಯನ್ನು ತೊರೆದು ಗುರುಸೇವೆಯಲ್ಲಿ ನಿಂತರು. ಹಾನಗಲ್ಲ ವಿರಕ್ತಮಠದ ಅಧಿಕಾರವು ಬಂದಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಪೀಠವೇರಿದವರು ಪೀಠದಲ್ಲಿಯೇ ಕುಳಿತಿರಲಿಲ್ಲ. ಊರೂರಿಗೆ ಮಠಗಳುಂಟು, ಮಠಕ್ಕೆ ಭೂಮಿಯುಂಟು, ಆದರೆ ಭಕ್ತನು ಸಂದೇಹವನ್ನು ಕೇಳಿದರೆ ಬಿಡಿಸಿ ಹೇಳಬಲ್ಲ ಸ್ವಾಮಿಗಳು ವಿರಳರು. ಈ ಕೊರತೆಯು ಅವರನ್ನು ಸುಮ್ಮನಿರಗೊಡಲಿಲ್ಲ. 1904ರಲ್ಲಿ ಧಾರವಾಡದಲ್ಲಿ ಶಿರಸಂಗಿ ಲಿಂಗರಾಜ ದೇಸಾಯರವರ ಅಧ್ಯಕ್ಷತೆಯಲ್ಲಿ ಮಹಾಸಭೆಯು ನೆರೆದುದು ಶ್ರೀಗಳವರ ಪ್ರಯತ್ನದಿಂದ. ಸಭೆಗಳಿಂದ ಜನರು ಒಂದುಗೂಡುವರು, ನಿಜ. ಧರ್ಮವನ್ನು ಹಳ್ಳಿಯ ಬಾಗಿಲಿಗೆ ಮುಟ್ಟಿಸಲು ಸಿದ್ಧಗೊಂಡ ಮನುಷ್ಯರೇ ಬೇಕು. ಅದಕ್ಕೆಂದೇ 1909ರಲ್ಲಿ ಬಾದಾಮಿಯ ಸಮೀಪದ ಮಲಪ್ರಭಾ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ವಟುಗಳಿಗೆ ಅಲ್ಲಿ ಸಂಸ್ಕೃತ, ಕನ್ನಡ, ವಚನಶಾಸ್ತ್ರ, ಯೋಗಾಭ್ಯಾಸ, ಇಷ್ಟಲಿಂಗಪೂಜೆಗಳ ಶಿಕ್ಷಣ. ಗೋಶಾಲೆಯ ಸಗಣಿಯಿಂದ ಕ್ರಮವರಿತು ವಿಭೂತಿಯನ್ನು ಮಾಡುವ ಕೆಲಸವೂ ಅಲ್ಲಿ ಸಾಧನೆಯ ಅಂಗವಾಯಿತು. ಆ ವಿಭೂತಿಯು ಇಂದಿಗೂ ನಾಡಿನ ಮನೆಮನೆಗಳಲ್ಲಿದೆ. ಇದನ್ನೆಲ್ಲ ನಡೆಯಿಸಲು ಶ್ರೀಗಳವರು ಜೋಳಿಗೆ ಹಿಡಿದು ಭಿಕ್ಷಾಟನೆ ಮಾಡಿದರು. ಅಲ್ಲಿ ಕಲಿತವರು ಹಲವು ಸೀಮೆಗಳ ಮಠಗಳಿಗೆ ಅಧಿಪತಿಗಳಾಗಿ ತೆರಳಿ, ಪಾಠಶಾಲೆ, ಪ್ರಸಾದನಿಲಯಗಳನ್ನು ತೆರೆದರು. ಪರೀಕ್ಷೆಯಲ್ಲಿ ಸೋತ ಹಾಲಯ್ಯನವರಿಂದಲೇ ಇಷ್ಟೊಂದು ವಿದ್ಯಾದಾನವು ನಡೆಯಿತೆಂಬುದು ಸೋಜಿಗವಲ್ಲವೆ?

ಈ ಲೇಖಕನ ಮನಸ್ಸು ಹೆಚ್ಚು ಕರಗುವುದು ಮತ್ತೊಂದು ಸಂಗತಿಗೆ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗುರುಬಸಯ್ಯ, ಗದಿಗಯ್ಯರೆಂಬ ಹುಟ್ಟುಕುರುಡ ಸೋದರರಿದ್ದರು. ಅವರ ಕಂಠಮಾಧುರ್ಯವನ್ನು ಅರಿತ ಶ್ರೀಗಳವರು ಇಬ್ಬರನ್ನೂ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಕಣ್ಣಿಲ್ಲದ ಬಡಮಕ್ಕಳಿಗೆ ಆ ಕಾಲದಲ್ಲಿ ಭಿಕ್ಷೆಯಲ್ಲದೆ ಬೇರೆ ಬದುಕು ತೋರುತ್ತಿರಲಿಲ್ಲ. ಅನ್ನ ಬಟ್ಟೆಗಳನ್ನಿತ್ತು ಪುಣ್ಯ ಬಂತೆಂದು ಸುಮ್ಮನಾಗಬಹುದಿತ್ತು. ಹಾಗೆ ಮಾಡದೆ, ಗದಿಗಯ್ಯನವರನ್ನು ಕರ್ನಾಟಕ ಸಂಗೀತದ ಅಭ್ಯಾಸಕ್ಕೆ ಮೈಸೂರಿಗೆ ಕಳುಹಿಸಿದರು. ಹಿಂದೂಸ್ಥಾನೀ ಪದ್ಧತಿಯನ್ನು ಉಸ್ತಾದ್ ವಹೀದ್ ಖಾನರಿಂದ ಕಲಿಸಿದರು. ಗುರುವು ಯಾವ ಮತದವನೆಂದು ನೋಡದೆ ವಿದ್ಯೆಯನ್ನು ನೋಡಿದುದು ಅವರ ಹಿರಿಮೆ.

ಶ್ರೀಗಳವರು 1930ರ ಫೆಬ್ರವರಿ 19ರಂದು ಲಿಂಗೈಕ್ಯರಾದರು. ಅವರ ಗದ್ದುಗೆಯು ಶಿವಯೋಗಮಂದಿರದಲ್ಲಿಯೇ ಇರುವುದು. ಆ ಗದಿಗಯ್ಯನವರೇ ಪಂಚಾಕ್ಷರ ಗವಾಯಿಗಳೆಂದು ಪ್ರಸಿದ್ಧರಾಗಿ, ಗದುಗಿನ ವೀರೇಶ್ವರ ಪುಣ್ಯಾಶ್ರಮದ ಮೂಲಕ ಅಂಧ ಬಾಲಕರಿಗೆ ಅನ್ನವನ್ನೂ ನಾದವನ್ನೂ ನೀಡಿ 1944ರಲ್ಲಿ ಲಿಂಗೈಕ್ಯರಾದರು. ಅವರ ಶಿಷ್ಯರೂ ಸ್ವತಃ ಅಂಧರೂ ಆದ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ದಾಸೋಹವನ್ನು ನಡೆಯಿಸಿಕೊಂಡು ಬಂದರು.