ಕನ್ಸೋಲ್ ಬಿಸಿಯಾದಾಗ ನೆನಪಾಗುವ ಜೌಲ್

ನಾವೇ ಸೋಲ್ಡರ್ ಮಾಡಿದ ಗೇಮ್ ಕನ್ಸೋಲ್ ಕೈಯಲ್ಲಿ ಕಾವಲಿ ಥರ ಸುಟ್ಟರೆ ನಾವು ಮೊದಲು ಬೈಯೋದು ಬ್ಯಾಟರಿಗೆ. ಆದ್ರೆ ಆ ಬಿಸಿಯ ಲೆಕ್ಕವನ್ನ 1841ರಲ್ಲೇ ಬರೆದಿಟ್ಟವರು ಜೇಮ್ಸ್ ಪ್ರೆಸ್ಕಾಟ್ ಜೌಲ್.

1818ರಲ್ಲಿ ಇಂಗ್ಲೆಂಡಿನ ಸಾಲ್‌ಫರ್ಡ್‌ನಲ್ಲಿ, ಬಿಯರ್ ತಯಾರಿಸುವ ಮನೆತನದಲ್ಲಿ ಹುಟ್ಟಿದರು. ಯಾವ ಯೂನಿವರ್ಸಿಟಿಯಲ್ಲೂ ಓದಲಿಲ್ಲ; ಚಿಕ್ಕಂದಿನಲ್ಲಿ ಜಾನ್ ಡಾಲ್ಟನ್ ಹತ್ತಿರ ಪಾಠ ಹೇಳಿಸಿಕೊಂಡರು. ಮನೆಯ ವ್ಯಾಪಾರದ ಜೊತೆಗೇ, ತಂತಿ ಸುರುಳಿಯನ್ನು ನೀರಲ್ಲಿ ಮುಳುಗಿಸಿ, ಕರೆಂಟ್ ಹರಿಸಿ, ಥರ್ಮಾಮೀಟರ್ ನೋಡುತ್ತಾ ಕೂತರು. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು ಅಂತ ಗೊತ್ತಾಯಿತು.

ಶಾರ್ಟ್ ಸರ್ಕ್ಯೂಟ್‌ನ ಅಪಾಯ ಇಲ್ಲೇ ಇದೆ. ಸೋಲ್ಡರ್‌ನ ಒಂದು ಹನಿ ಪ್ಲಸ್, ಮೈನಸ್ ಎರಡನ್ನೂ ಮುಟ್ಟಿದರೆ ಸಾಕು, ಕರೆಂಟ್ ನುಗ್ಗುತ್ತೆ; ತಂತಿಯಲ್ಲೂ ಬ್ಯಾಟರಿಯ ಒಳಗೂ ಬಿಸಿ ವರ್ಗದ ಲೆಕ್ಕದಲ್ಲಿ ಏರುತ್ತೆ. ಲಿಥಿಯಂ ಬ್ಯಾಟರಿಗೆ ಬೆಂಕಿಯೂ ಹತ್ತಬಹುದು. ಅದಕ್ಕೇ ಬ್ಯಾಟರಿ ಸಿಕ್ಕಿಸುವ ಮೊದಲು ಮಲ್ಟಿಮೀಟರ್‌ನಲ್ಲಿ ಕಂಟಿನ್ಯೂಟಿ ನೋಡೋಣ. ಪ್ಲಸ್-ಮೈನಸ್ ನಡುವೆ ಬೀಪ್ ನಿಲ್ಲದಿದ್ದರೆ ಬ್ಯಾಟರಿ ಪಕ್ಕಕ್ಕಿಟ್ಟು ಶಾರ್ಟ್ ಹುಡುಕೋಣ.

ಶಾಖವೂ ಕೆಲಸವೂ ಒಂದೇ ಶಕ್ತಿಯ ಎರಡು ರೂಪ ಅಂದಾಗ ದೊಡ್ಡವರು ಮೊದಲು ಜೌಲ್‌ರನ್ನು ನಂಬಲಿಲ್ಲ. ಅವರು ಅಳೆಯೋದನ್ನ ಬಿಡಲಿಲ್ಲ. 1889ರಲ್ಲಿ ತೀರಿಕೊಂಡರು. ಅವರ ಸಮಾಧಿಯ ಕಲ್ಲಿನ ಮೇಲೆ ಕೆತ್ತಿರೋದು 772.55. ಒಂದು ಪೌಂಡ್ ನೀರನ್ನ ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡೋಕೆ ಬೇಕಾದ ಕೆಲಸ, ಫುಟ್-ಪೌಂಡ್‌ಗಳಲ್ಲಿ, ಅವರೇ ಅಳೆದದ್ದು.