ಎರಡು ದೋಣಿಯಲ್ಲಿ ಕಾಲಿಟ್ಟ ಅರಸು

1980ರ ಜನವರಿಯಲ್ಲಿ ಕೇರಳ ವಿಧಾನಸಭೆಗೆ ನಡೆದ ಚುನಾವಣೆ ವಯನಾಡಿನ ಹಿರಿಯ ಮತದಾರರಿಗೆ ನೆನಪಿರಬಹುದು. ಆಗಿನ್ನೂ ವಯನಾಡು ಜಿಲ್ಲೆ ಹುಟ್ಟಿರಲಿಲ್ಲ. ಎ.ಕೆ. ಆಂಟನಿ ಅವರ ಬಣ ಎಡಪಕ್ಷಗಳ ಜತೆ ಸೇರಿ ಸ್ಪರ್ಧಿಸಿ 21 ಸ್ಥಾನ ಗೆದ್ದಿತು, ಇ.ಕೆ. ನಾಯನಾರ್ ಮುಖ್ಯಮಂತ್ರಿಯಾದರು. ಆ ಬಣದ ಹೆಸರು ಕಾಂಗ್ರೆಸ್ (ಯು). ಅದರಲ್ಲಿನ ಯು ಅಕ್ಷರ ಏನು ಎಂದು ಕೇಳಿದರೆ ಇಂದಿನ ಹುಡುಗರು ತಬ್ಬಿಬ್ಬಾಗುತ್ತಾರೆ. ಅದು ಬಾವಲಿ ಗಡಿ ದಾಟಿದರೆ ಕೆಲವೇ ಗಂಟೆಗಳ ದಾರಿಯಲ್ಲಿರುವ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ರೈತನೊಬ್ಬನ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ. ಅವರೇ ದೇವರಾಜ ಅರಸು.

ವಿಚಿತ್ರವೆಂದರೆ, ಕೇರಳದಲ್ಲಿ ಅವರ ಹೆಸರಿನ ಪಕ್ಷ 21 ಸ್ಥಾನ ಗೆದ್ದ ಅದೇ ತಿಂಗಳಲ್ಲಿ ಕರ್ನಾಟಕದಲ್ಲಿ ಅದೇ ಪಕ್ಷಕ್ಕೆ ಒಂದು ಲೋಕಸಭಾ ಸ್ಥಾನವೂ ದಕ್ಕಲಿಲ್ಲ. ಎಂಟು ವರ್ಷ ಒಂದೇ ಪಕ್ಷದೊಳಗೆ ಜಮೀನ್ದಾರರನ್ನೂ ಗೇಣಿದಾರರನ್ನೂ, ಹಳಬರನ್ನೂ ಹೊಸಬರನ್ನೂ ಕೂರಿಸಿಕೊಂಡು ಚುನಾವಣೆ ಗೆಲ್ಲಿಸಿದ್ದ ನಾಯಕ, ತನ್ನ ಮನೆಯಂಗಳದಲ್ಲೇ ಸೋತರು. ಬೈರಕುಪ್ಪೆ ಕಡವಿನಲ್ಲಿ ಕಬಿನಿ ದಾಟುವವರಿಗೆ ಎರಡು ದೋಣಿಯ ಮೇಲೆ ಕಾಲಿಡಬಾರದು ಎಂಬುದು ಗೊತ್ತು. ಅರಸು ಎಂಟು ವರ್ಷ ಹಾಗೆಯೇ ನಿಂತಿದ್ದರು. ಅದು ಹೇಗೆ ಸಾಧ್ಯವಾಯಿತು?

1915ರ ಆಗಸ್ಟ್ 20ರಂದು ಹುಟ್ಟಿದ ಅರಸು ಮೈಸೂರು ರಾಜಮನೆತನಕ್ಕೆ ನಂಟಿರುವ ಅರಸು ಸಮುದಾಯದವರು. ಹೆಸರು ದೊಡ್ಡದು, ಸಮುದಾಯ ಬಹಳ ಚಿಕ್ಕದು. ಮೈಸೂರಿನಲ್ಲಿ ಅರಸು ಬೋರ್ಡಿಂಗ್ ಶಾಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನ ಪದವಿ. ಓದು ಮುಗಿದ ಮೇಲೆ ಸರ್ಕಾರಿ ನೌಕರಿ ಹಿಡಿಯದೆ ಕಲ್ಲಹಳ್ಳಿಗೆ ಮರಳಿ ಬೇಸಾಯಕ್ಕಿಳಿದರು. ತಮ್ಮ ಕೆಂಪರಾಜ ಅರಸು ಸಿನಿಮಾ ಹಿಡಿದರು, ಅಣ್ಣ ರಾಜಕೀಯ ಹಿಡಿದರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ, 1952ರ ಮೊದಲ ಮಹಾಚುನಾವಣೆಯಲ್ಲಿ ಹುಣಸೂರಿನಿಂದ ವಿಧಾನಸಭೆ. ಅರವತ್ತರ ದಶಕದಲ್ಲಿ ಮಂತ್ರಿಯೂ ಆದರು, ಮುಂದೆ ಸಂಪುಟದ ಹೊರಗೂ ಉಳಿಯಬೇಕಾಯಿತು. ಎತ್ತರದ ಮೈಕಟ್ಟು, ಬಾಯಲ್ಲಿ ಪೈಪ್, ಓದುವ ಹುಚ್ಚು. ಆದರೂ 1969ರವರೆಗೆ ಅವರನ್ನು ಮುಂದಿನ ಮುಖ್ಯಮಂತ್ರಿ ಎಂದು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹಿಡಿಯದೇ ಇದ್ದುದಕ್ಕೆ ಕಾರಣವಿತ್ತು. 1956ರ ಏಕೀಕರಣದ ನಂತರ 1971ರವರೆಗೆ ರಾಜ್ಯದ ಮುಖ್ಯಮಂತ್ರಿಗಳಾದ ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ವೀರೇಂದ್ರ ಪಾಟೀಲ, ನಾಲ್ವರೂ ಲಿಂಗಾಯತರು. ಹಳೆ ಮೈಸೂರಿನಲ್ಲಿ ಒಕ್ಕಲಿಗರು, ಉತ್ತರದಲ್ಲಿ ಲಿಂಗಾಯತರು, ಊರೂರಿನ ಗೌಡರು, ಪಟೇಲರು, ಸಹಕಾರಿ ಬ್ಯಾಂಕಿನ ಅಧ್ಯಕ್ಷರು, ಇವರದೇ ಕಾಂಗ್ರೆಸ್. ಇವರು ಕೆಟ್ಟವರು ಎಂದಲ್ಲ. ಶಾಲೆ, ಕೆರೆ, ರಸ್ತೆ ಮಾಡಿಸಿದವರು ಇವರಲ್ಲೂ ಇದ್ದರು. ಆದರೆ ಗೇಣಿ ಪದ್ಧತಿ ಹೋಗಬೇಕು ಎಂದರೆ ನಾಳೆ ನೋಡೋಣ ಎನ್ನುವ ಮಿತವಾದಿಗಳು. ಗೇಣಿ ಎಂದರೆ ಮಲಯಾಳದ ಪಾಟ್ಟವೇ. ಕುರುಬ, ಈಡಿಗ, ಬೆಸ್ತ, ದೇವಾಡಿಗ, ಕುಂಬಾರ, ದಲಿತರು ವೋಟು ಹಾಕುತ್ತಿದ್ದರು, ಟಿಕೆಟ್ ಸಿಗುತ್ತಿದ್ದುದು ಅಪರೂಪ.

1969ರಲ್ಲಿ ಕಾಂಗ್ರೆಸ್ ಒಡೆಯಿತು. ಪಕ್ಷದ ಅಖಿಲ ಭಾರತ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪನವರು ಒಂದು ಕಡೆ, ಪ್ರಧಾನಿ ಇಂದಿರಾ ಗಾಂಧಿ ಇನ್ನೊಂದು ಕಡೆ. ರಾಜ್ಯದ ದೊಡ್ಡವರೆಲ್ಲ ನಿಜಲಿಂಗಪ್ಪನವರ ಜತೆ ಹೋದರು. ಖಾಲಿ ಮನೆಯ ಬೀಗದ ಕೈ ಅರಸು ಅವರಿಗೆ ಸಿಕ್ಕಿತು. 1971ರ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಅಲೆ ರಾಜ್ಯದ 27ಕ್ಕೆ 27 ಸ್ಥಾನವನ್ನೂ ಬಾಚಿತು. ವೀರೇಂದ್ರ ಪಾಟೀಲರ ಸರ್ಕಾರ ಬಿತ್ತು, ರಾಷ್ಟ್ರಪತಿ ಆಡಳಿತ ಬಂತು. ಗೆದ್ದೆತ್ತಿನ ಬಾಲ ಹಿಡಿಯಲು ಹಳಬರು ಮತ್ತೆ ಬಾಗಿಲು ಬಡಿಯತೊಡಗಿದರು.

ಇಲ್ಲಿಯೇ ಅರಸು ಅವರ ನಿಜವಾದ ಜಾಣ್ಮೆ ಕಾಣುವುದು. ಬಾಗಿಲು ಹಾಕಲೂ ಇಲ್ಲ, ಪೂರ್ತಿ ತೆರೆಯಲೂ ಇಲ್ಲ. 1972ರ ವಿಧಾನಸಭಾ ಚುನಾವಣೆಗೆ ತಾವು ನಿಲ್ಲದೆ ಟಿಕೆಟ್ ಹಂಚುವ ಕೆಲಸಕ್ಕೆ ಕುಳಿತರು. ಲಿಂಗಾಯತ, ಒಕ್ಕಲಿಗ ಅಭ್ಯರ್ಥಿಗಳು ಆಗಲೂ ದೊಡ್ಡ ಸಂಖ್ಯೆಯಲ್ಲೇ ಇದ್ದರು. ಅವರನ್ನು ಬಿಟ್ಟರೆ ಬಹುಮತವಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಆದರೆ ಅವರ ಪಾಲು ಮೊದಲಿನಷ್ಟಿರಲಿಲ್ಲ. ಉಳಿದ ಜಾಗಕ್ಕೆ ಹೆಸರೇ ಕೇಳದ ಸಣ್ಣ ಜಾತಿಗಳ ವಕೀಲರು, ಕಾರ್ಮಿಕ ಮುಖಂಡರು, ಹಳ್ಳಿ ಹುಡುಗರು ಬಂದರು. ಗುರುಮಠಕಲ್‌ನಿಂದ ಅದೇ ಚುನಾವಣೆಯಲ್ಲಿ ಮೊದಲ ಬಾರಿ ಗೆದ್ದ ಮಲ್ಲಿಕಾರ್ಜುನ ಖರ್ಗೆ ಅವರಲ್ಲೊಬ್ಬರು. 216ರಲ್ಲಿ 165 ಸ್ಥಾನ ಬಂತು. 1972ರ ಮಾರ್ಚ್ 20ರಂದು ಅರಸು ಮುಖ್ಯಮಂತ್ರಿಯಾದರು, ನಂತರ ಉಪಚುನಾವಣೆಯಲ್ಲಿ ಹುಣಸೂರಿನಿಂದ ಗೆದ್ದು ಬಂದರು. ಯಾವ ದೊಡ್ಡ ಜಾತಿಗೂ ಸೇರದಿದ್ದುದು ಅಲ್ಲಿಯವರೆಗೆ ಅಡ್ಡಿಯಾಗಿತ್ತು. ಈಗ ಅದೇ ಅನುಕೂಲವಾಯಿತು. ಒಕ್ಕಲಿಗರಿಗೆ ಲಿಂಗಾಯತರು ಬೇಡ, ಲಿಂಗಾಯತರಿಗೆ ಒಕ್ಕಲಿಗರು ಬೇಡ, ಇಬ್ಬರಿಗೂ ಅರಸು ಆಗಬಹುದು.

ಭೂಸುಧಾರಣೆಯಲ್ಲಿ ಈ ತಕ್ಕಡಿ ಇನ್ನೂ ಸ್ಪಷ್ಟ. ಕೇರಳದಲ್ಲಿ 1970ರ ಜನವರಿ 1ರಂದೇ ಜನ್ಮಿ ಪದ್ಧತಿಗೆ ಕಾನೂನು ಕೊನೆ ಹಾಡಿತ್ತು. ಅಲ್ಲಿ ಅದರ ಹಿಂದೆ ದಶಕಗಳ ರೈತ ಹೋರಾಟವಿತ್ತು. ಕರ್ನಾಟಕದಲ್ಲಿ ಕಾಗೋಡಿನಂಥ ಹೋರಾಟ ನಡೆದಿದ್ದರೂ ರಾಜ್ಯವಿಡೀ ಹಬ್ಬಿದ ಬಲವಾದ ಎಡಪಕ್ಷವಿರಲಿಲ್ಲ. ಸುಧಾರಣೆ ಆಗುವುದಾದರೆ ಜಮೀನ್ದಾರರೇ ತುಂಬಿದ ಕಾಂಗ್ರೆಸ್ ಪಕ್ಷದ ಕೈಯಿಂದಲೇ ಆಗಬೇಕಿತ್ತು. 1961ರ ಕಾಯ್ದೆಗೆ ತಿದ್ದುಪಡಿ ತಂದು 1974ರ ಮಾರ್ಚ್ 1ರಿಂದ ಜಾರಿಗೆ ಕೊಟ್ಟರು. ಗೇಣಿಗೆ ಕೊಟ್ಟ ಭೂಮಿ ಸರ್ಕಾರಕ್ಕೆ ಸೇರಿತು. ಉಳುವವನು ನಮೂನೆ 7ರಲ್ಲಿ ಅರ್ಜಿ ಹಾಕಬೇಕು, ತಾಲ್ಲೂಕಿನ ಭೂ ನ್ಯಾಯಮಂಡಳಿ ತೀರ್ಮಾನಿಸಬೇಕು. ಮಂಡಳಿಯಲ್ಲಿ ಅಧಿಕಾರಿಯ ಜತೆ ಸ್ಥಳೀಯ ಸದಸ್ಯರು, ಅವರಲ್ಲಿ ಪರಿಶಿಷ್ಟರೊಬ್ಬರು ಇರಲೇಬೇಕು. ವಕೀಲರಿಗೆ ಪ್ರವೇಶವಿಲ್ಲ. ಧಣಿಯ ಎದುರು ಕುಳಿತು ಈ ಗದ್ದೆ ನನ್ನದು ಎಂದು ಹೇಳುವ ಧೈರ್ಯ ಬರಲು ಇದಕ್ಕಿಂತ ದೊಡ್ಡ ವ್ಯವಸ್ಥೆ ಬೇಕಿರಲಿಲ್ಲ. 8 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು, ವರ್ಷಗಳ ವಿಚಾರಣೆಯ ನಂತರ 4.5 ಲಕ್ಷಕ್ಕೂ ಹೆಚ್ಚು ಮಂದಿಯ ಪರವಾಗಿ ತೀರ್ಪಾಯಿತು.

ಈಗ ಇದರ ಇನ್ನೊಂದು ಮುಖ ನೋಡಿ. ಗೇಣಿ ಹೆಚ್ಚಾಗಿದ್ದುದು ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗದ ಕಡೆ. ಅಲ್ಲಿ ಧಣಿಗಳು ಕೆಲವರು, ಒಕ್ಕಲುಗಳು ಸಾವಿರಾರು. ಬಂಟರು, ಬ್ರಾಹ್ಮಣರು ಭೂಮಿ ಕಳೆದುಕೊಂಡರು, ಒಂದೇ ಗೇಣಿಯನ್ನು ನಂಬಿದ್ದ ವಿಧವೆಯರ ಮನೆಗಳೂ ಅದರಲ್ಲಿದ್ದವು. ಆದರೆ ಮಂಡ್ಯ, ಮೈಸೂರು, ಧಾರವಾಡದ ಕಡೆ ಒಕ್ಕಲಿಗರೂ ಲಿಂಗಾಯತರೂ ಬಹುಮಟ್ಟಿಗೆ ತಮ್ಮ ಭೂಮಿಯನ್ನು ತಾವೇ ಸಾಗುಮಾಡುತ್ತಿದ್ದರು. ಅವರನ್ನು ನೋಯಿಸಬಹುದಾಗಿದ್ದುದು ಭೂಮಿತಿ. ಮಿತಿಯನ್ನು ಕಾಗದದಲ್ಲಿ ಬಿಗಿಗೊಳಿಸಿದರೂ ಹೆಚ್ಚುವರಿ ಭೂಮಿ ಹುಡುಕಿ ಹಂಚುವ ಕೆಲಸ ಕುಂಟುತ್ತಲೇ ಸಾಗಿತು. ಎಸ್ಟೇಟುಗಳನ್ನಂತೂ ಮುಟ್ಟಲಿಲ್ಲ. ವಯನಾಡಿನ ಚಹಾ ತೋಟಗಳು ಕೇರಳದ ಕಾಯ್ದೆಯಿಂದ ಹೇಗೆ ಹೊರಗುಳಿದವೋ ಹಾಗೆಯೇ ಕೊಡಗಿನ ಕಾಫಿ ತೋಟಗಳು ಕರ್ನಾಟಕದ ಕಾಯ್ದೆಯಿಂದ ಹೊರಗುಳಿದವು. ಹುಣಸೂರು, ಹೆಗ್ಗಡದೇವನಕೋಟೆಯ ಕಾಡಂಚಿನ ಜೇನುಕುರುಬರಿಗೆ ನಮೂನೆ 7ರಿಂದ ಏನೂ ಬರಲಿಲ್ಲ. ಗೇಣಿಗೆ ಹಿಡಿಯಲು ಅವರ ಬಳಿ ಏನಿತ್ತು?

ಎಲ್ಲಿ ಪ್ರಗತಿಪರನಾದರೆ ಸಾವಿರ ವೋಟು ಬಂದು ನೂರು ಹೋಗುತ್ತದೋ ಅಲ್ಲಿ ಅರಸು ಪ್ರಗತಿಪರರು. ಎಲ್ಲಿ ಲೆಕ್ಕ ತಿರುಗುಮುರುಗೋ ಅಲ್ಲಿ ಮಿತವಾದಿ. ಇದನ್ನು ಕಪಟವೆನ್ನುವವರಿದ್ದಾರೆ. ಆದರೆ ಎಲ್ಲ ಕಡೆ ಒಮ್ಮೆಗೇ ಕೈ ಹಾಕಿದ್ದರೆ ಕರಾವಳಿಯ ಒಕ್ಕಲಿಗೂ ಭೂಮಿ ಸಿಗುತ್ತಿರಲಿಲ್ಲ ಎಂಬುದೂ ನಿಜ. ಮಸೂದೆ ಮಂಡಿಸುವ ಕಂದಾಯ ಖಾತೆ ಒಕ್ಕಲಿಗರಾದ ಹುಚ್ಚಮಾಸ್ತಿಗೌಡರ ಕೈಯಲ್ಲಿ, ಜಾರಿಯ ಹೊಣೆ ಕರಾವಳಿಯ ಬಂಟರಾದ ಸುಬ್ಬಯ್ಯ ಶೆಟ್ಟರ ಕೈಯಲ್ಲಿ. ಭೂಮಿ ಕಳೆದುಕೊಳ್ಳುವ ಮನೆಯವರಿಂದಲೇ ಕೆಲಸ ಮಾಡಿಸಿದರು.

ಆ ಕಾಯ್ದೆ ಕೃಷಿಭೂಮಿಯನ್ನು ಹೊಸದಾಗಿ ಗೇಣಿಗೆ ಕೊಡುವುದನ್ನೂ ನಿಷೇಧಿಸಿತು. ವಯನಾಡಿನಿಂದ ಹೋಗಿ ಹುಣಸೂರು, ಕೋಟೆ, ಗುಂಡ್ಲುಪೇಟೆಯಲ್ಲಿ ಶುಂಠಿ ಹಾಕುವವರು ವರ್ಷದ ಒಪ್ಪಂದವನ್ನು ಬಾಯಿಮಾತಿನಲ್ಲೋ ಬಿಳಿ ಕಾಗದದಲ್ಲೋ ಮುಗಿಸುವುದಕ್ಕೆ ಮೂಲ ಇಲ್ಲಿದೆ. ಕೃಷಿಕರಲ್ಲದವರು ಭೂಮಿ ಕೊಳ್ಳಬಾರದೆಂಬ ಕಟ್ಟುಪಾಡು ಮಾತ್ರ 2020ರಲ್ಲಿ ಹೋಯಿತು.

ತಕ್ಕಡಿ ವಾಲಿದ ಸಂದರ್ಭಗಳೂ ಇದ್ದವು. 1973ರ ನವೆಂಬರಿನಲ್ಲಿ ದಲಿತ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲನ್ನು ಬೂಸಾ ಎಂದು ಕರೆದಾಗ ರಾಜ್ಯದ ಕಾಲೇಜುಗಳು ಹೊತ್ತಿ ಉರಿದವು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ತಲೆಯ ಮೇಲೆ ಮಲ ಹೊರುವ ಪದ್ಧತಿ ನಿಲ್ಲಿಸಲು ಹೊರಟ ಆ ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಅರಸು ಅವರನ್ನು ಉಳಿಸಿಕೊಳ್ಳಲಿಲ್ಲ. ಕನ್ನಡದ ದಲಿತ ಚಳವಳಿ ಹುಟ್ಟಿದ್ದು ಆ ಗಾಯದಿಂದ.

ಎಲ್.ಜಿ. ಹಾವನೂರು ಆಯೋಗದ ವಿಷಯದಲ್ಲಿ ಲೆಕ್ಕ ಇನ್ನೂ ನಾಜೂಕು. 1972ರಲ್ಲಿ ನೇಮಿಸಿದ ಆಯೋಗ 1975ರಲ್ಲಿ ವರದಿ ಕೊಟ್ಟಿತು. ಹಿಂದುಳಿದವರ ಪಟ್ಟಿಯಲ್ಲಿ ಒಕ್ಕಲಿಗರು ಒಳಗೆ, ಲಿಂಗಾಯತರು ಹೊರಗೆ. ಎರಡು ದೊಡ್ಡ ಸಮುದಾಯಗಳು ಒಟ್ಟಾಗಿ ತಿರುಗಿಬೀಳುವ ಅಪಾಯ ಅಲ್ಲಿಗೇ ತಪ್ಪಿತು. 1977ರ ಫೆಬ್ರುವರಿಯಲ್ಲಿ, ಲೋಕಸಭಾ ಚುನಾವಣೆ ಹೊಸ್ತಿಲಲ್ಲಿದ್ದಾಗ, ಸರ್ಕಾರ ಆದೇಶ ಹೊರಡಿಸಿತು. ಅದರಲ್ಲಿ ಮುಸ್ಲಿಮರನ್ನು ಸೇರಿಸಿದರು. ಜಾತಿ ನೋಡದೆ ಬಡವರಿಗಾಗಿ ವಿಶೇಷ ಗುಂಪೊಂದನ್ನೂ ಮಾಡಿದರು.

ತುರ್ತುಪರಿಸ್ಥಿತಿಯ ಕಲೆ ಅರಸು ಸರ್ಕಾರಕ್ಕೂ ಅಂಟಿದೆ. ಬೆಂಗಳೂರು ಜೈಲಿನಲ್ಲಿ ಅಸ್ತಮಾದಿಂದ ನರಳಿದ ಕಲಾವಿದೆ ಸ್ನೇಹಲತಾ ರೆಡ್ಡಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಇನ್ನು ಹಣದ ವಿಷಯ. ಎರಡು ಬಣಗಳ ಶಾಸಕರನ್ನು ಒಂದೇ ಕೊಟ್ಟಿಗೆಯಲ್ಲಿ ಕಟ್ಟಲು ಹುಲ್ಲು ಬೇಕಲ್ಲ. ಆ ಹುಲ್ಲು ಎಲ್ಲಿಂದ ಬಂತು ಎಂಬ ಪ್ರಶ್ನೆ ಅವರ ಬೆನ್ನು ಬಿಡಲಿಲ್ಲ. ಕೇಂದ್ರದ ಜನತಾ ಸರ್ಕಾರ 1977ರಲ್ಲಿ ಗ್ರೋವರ್ ಆಯೋಗವನ್ನೇ ನೇಮಿಸಿತು.

ಆ ವರ್ಷ ಉತ್ತರ ಭಾರತದಲ್ಲಿ ಕಾಂಗ್ರೆಸ್ ನಿರ್ನಾಮವಾದರೂ ಕರ್ನಾಟಕದಲ್ಲಿ 28ರಲ್ಲಿ 26 ಗೆದ್ದಿತು. ಕೇರಳದಲ್ಲಿ ಅದರ ಕೂಟ 20ಕ್ಕೆ 20. ಸೋತ ಇಂದಿರಾ ಅವರನ್ನು ಕಾಂಗ್ರೆಸ್ಸಿನ ಹಿರಿಯರು ಕೈಬಿಡತೊಡಗಿದರು. ರಾಜ್ಯದಲ್ಲಿ ಅರಸು ವಿರೋಧಿಗಳ ಮುಂದಾಳಾಗಿದ್ದ ಹುಲಕೋಟಿಯ ಕೆ.ಎಚ್. ಪಾಟೀಲರು ಬ್ರಹ್ಮಾನಂದ ರೆಡ್ಡಿ ಬಣದಲ್ಲಿ ಉಳಿದರು, ಅರಸು ಇಂದಿರಾ ಜತೆ ನಿಂತರು. 1977ರ ಡಿಸೆಂಬರ್ 31ರಂದು ಅವರ ಸರ್ಕಾರ ವಜಾ ಆಯಿತು. ಎರಡೇ ತಿಂಗಳಲ್ಲಿ ಚುನಾವಣೆ. ಹಳಬರು ಬೇರೆಯಾದ ಮೇಲೆ ಸೋಲು ಖಂಡಿತ ಎಂದವರಿದ್ದರು. ನಮೂನೆ 7 ಹಾಕಿದವರ ಮನೆಗಳು ಬೇರೆ ರೀತಿ ಯೋಚಿಸಿದವು. 224ರಲ್ಲಿ 149 ಸ್ಥಾನ ಕಾಂಗ್ರೆಸ್ (ಐ) ಪಾಲಾದವು. ಅದೇ ನವೆಂಬರಿನಲ್ಲಿ ಚಿಕ್ಕಮಗಳೂರಿನಲ್ಲಿ ವೀರೇಂದ್ರ ಪಾಟೀಲರನ್ನು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿ ಇಂದಿರಾ ಲೋಕಸಭೆಗೆ ಮರಳಿದರು. ಆ ಗೆಲುವಿನ ಸಾರಥಿ ಅರಸು.

ಸಾರಥಿಗೂ ರಥದ ಒಡತಿಗೂ ಬೇಗನೆ ಕೆಟ್ಟಿತು. ಸಂಜಯ ಗಾಂಧಿಯ ಹಸ್ತಕ್ಷೇಪ ಒಂದು, ಮುಖ್ಯಮಂತ್ರಿ ಸ್ಥಾನದ ಜತೆ ಪ್ರದೇಶ ಕಾಂಗ್ರೆಸ್ ಅಧ್ಯಕ್ಷಗಿರಿಯನ್ನೂ ಇಟ್ಟುಕೊಳ್ಳಬಾರದೆಂಬ ಒತ್ತಡ ಇನ್ನೊಂದು. ಅಧ್ಯಕ್ಷಗಿರಿ ಹೋದರೆ ಟಿಕೆಟ್ ಹಂಚುವ ಕೈ ಹೋಗುತ್ತದೆ, ತಕ್ಕಡಿಯೇ ಹೋಗುತ್ತದೆ ಎಂಬುದು ಅರಸು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? 1979ರ ಜೂನ್‌ನಲ್ಲಿ ಅವರ ಉಚ್ಚಾಟನೆಯಾಯಿತು. ಬಹುಪಾಲು ಶಾಸಕರು ಆಗ ಅವರ ಜತೆಗೇ ಇದ್ದರು, ಸರ್ಕಾರ ಉಳಿಯಿತು. ಅವರು ಇನ್ನೊಂದು ಕಾಂಗ್ರೆಸ್ಸಿನ ಅಖಿಲ ಭಾರತ ಅಧ್ಯಕ್ಷರಾದರು. ಆಂಟನಿ, ಶರದ್ ಪವಾರ್ ಅವರೆಲ್ಲ ಇದ್ದ ಆ ಪಕ್ಷಕ್ಕೆ ಯು ಅಕ್ಷರ ಬಂದದ್ದು ಹೀಗೆ.

ಏಳು ತಿಂಗಳ ನಂತರ, 1980ರ ಜನವರಿಯಲ್ಲಿ, ಲೋಕಸಭೆಯ 28 ಸ್ಥಾನಗಳಲ್ಲಿ 27ನ್ನು ಇಂದಿರಾ ಕಾಂಗ್ರೆಸ್ ಗೆದ್ದಿತು. ಭೂಮಿ ಪಡೆದ ಒಕ್ಕಲುಗಳು, ನಿವೇಶನ ಪಡೆದ ಕೂಲಿಕಾರರು ಇಂದಿರಮ್ಮನ ಗುರುತಿಗೇ ಒತ್ತಿದ್ದರು. ಅರಸು ಮಾಡಿದ ಕೆಲಸವೆಲ್ಲ ಆಕೆಯ ಹೆಸರಿನಲ್ಲೇ ನಡೆದಿತ್ತು. ಊರೂರಲ್ಲಿ ತಮ್ಮದೇ ಆದ ಪಕ್ಷ ಕಟ್ಟಲು ಅವರಿಗೆ ಪುರುಸೊತ್ತಾಗಿರಲಿಲ್ಲ ಅಥವಾ ಅದು ಬೇಕೆನಿಸಿರಲಿಲ್ಲ. ಫಲಿತಾಂಶ ಬಂದ ಕೂಡಲೇ ಶಾಸಕರು ಸಾಲುಗಟ್ಟಿ ಆಚೆ ನಡೆದರು. ಮಿತವಾದಿಗಳು ಹೋದರು, ಅದರಲ್ಲಿ ಅಚ್ಚರಿಯಿಲ್ಲ. ಅರಸು ಕೈಹಿಡಿದು ಬೆಳೆಸಿದ ಹೊಸಬರೂ ಹೋದರು. ಜನವರಿ 12ರಂದು ಮುಖ್ಯಮಂತ್ರಿಯಾದ ಕೊಡಗಿನ ಆರ್. ಗುಂಡೂರಾವ್ ಅವರ ಗರಡಿಯಲ್ಲೇ ಪಳಗಿದವರು.

ಕೇರಳದಲ್ಲಿ ಯು ಅಕ್ಷರ ಹೆಚ್ಚು ದಿನ ಉಳಿಯಲಿಲ್ಲ. 1981ರ ಅಕ್ಟೋಬರಿನಲ್ಲಿ ಆಂಟನಿ ಬಣ ಬೆಂಬಲ ಹಿಂತೆಗೆದುಕೊಂಡಿತು, ನಾಯನಾರ್ ಸರ್ಕಾರ ಬಿತ್ತು. ವಯನಾಡು ಜಿಲ್ಲೆಯಾಗಿದ್ದು ಆ ಸರ್ಕಾರದ ಅವಧಿಯಲ್ಲೇ, 1980ರ ನವೆಂಬರ್ 1ರಂದು. ಆಂಟನಿ ಮುಂದೆ ಇಂದಿರಾ ಕಾಂಗ್ರೆಸ್ಸಿಗೆ ಮರಳಿದರು. ಎಡರಂಗದಲ್ಲೇ ಉಳಿದವರು ಕಾಂಗ್ರೆಸ್ (ಎಸ್) ಆದರು.

ಅರಸು ಮಾತ್ರ ಮರಳಲಿಲ್ಲ. ಕರ್ನಾಟಕ ಕ್ರಾಂತಿ ರಂಗ ಎಂಬ ಪಕ್ಷ ಕಟ್ಟಿ ಮತ್ತೆ ಜಿಲ್ಲೆ ಜಿಲ್ಲೆ ಸುತ್ತಲು ಶುರುಮಾಡಿದರು. 1982ರ ಜೂನ್ 6ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 66 ವರ್ಷ. ಏಳು ತಿಂಗಳು ಕಳೆದು, 1983ರ ಜನವರಿಯಲ್ಲಿ, ಅದೇ ಕ್ರಾಂತಿ ರಂಗ ಜನತಾ ಪಕ್ಷದ ಜತೆ ಸೇರಿ ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸನ್ನು ಅಧಿಕಾರದಿಂದ ಇಳಿಸಿತು. ಮುಖ್ಯಮಂತ್ರಿಯಾದವರು ರಾಮಕೃಷ್ಣ ಹೆಗಡೆ, ನಿಜಲಿಂಗಪ್ಪನವರ ಪಾಳೆಯದಲ್ಲಿ ಬೆಳೆದವರು.